ಹತ್ತಿ ಹೂವಿನ ಮಡಿ

ವಡ್ಡೆಪಲ್ಲಿ ಕಡೆಯ ನಮ್ಮೂರಲ್ಲಿ ಬಾಲಯ್ಯನವರು ಸರ್ಕಾರಿ ಶಾಲೆಯ ಕಮಿಟಿ ಛೇರ್ಮನ್ನರು. ಬೆಳಗಾದರೆ ಮೊಮ್ಮಗ ವಿನಯನಿಗೆ ಟೈ ಕಟ್ಟಿ, ಶಾಂತಿನಗರದ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಹತ್ತಿಸುತ್ತಾರೆ. ಆಮೇಲೆ ಮೊಮ್ಮಗಳು ಅಖಿಲಾಳ ಕೈಗೆ ಬುತ್ತಿ ಕೊಟ್ಟು ಬೀಜದ ಹತ್ತಿ ಹೊಲಕ್ಕೆ ಅಟ್ಟುತ್ತಾರೆ. ಅವಳ ಹೆಸರು ಮಾತ್ರ ತಾತನದೇ ಶಾಲೆಯ ಏಳನೇ ಕ್ಲಾಸಿನಲ್ಲಿದೆ. ಹೆಸರು ಓದುತ್ತದೆ, ಹುಡುಗಿ ದುಡಿಯುತ್ತಾಳೆ. ಇಂಥ ಛೇರ್ಮನ್ನರು ನಮ್ಮ ಕಡೆ ಊರಿಗೊಬ್ಬರು.

ಬಿತ್ತನೆ ಬೀಜಕ್ಕೆಂದೇ ಬೆಳೆಯುವ ಈ ಹತ್ತಿಯಲ್ಲಿ ಒಂದು ಹೂವಿನ ಪರಾಗದ ಪುಡಿಯನ್ನು ಇನ್ನೊಂದಕ್ಕೆ ಕೈಯಿಂದಲೇ ತಾಗಿಸಬೇಕು. ಅದನ್ನು ಮೈನೆರೆಯದ ಹುಡುಗಿಯರೇ ಮಾಡಬೇಕಂತೆ. ದೊಡ್ಡವಳಾದವಳು ಮುಟ್ಟಿದರೆ ಹೂವು ಉದುರುತ್ತದಂತೆ. ಹೂವಿಗೂ ಮಡಿ ಕಲಿಸಿದ ಮಹಾಜ್ಞಾನಿಗಳು ನಮ್ಮ ಹಿರಿಯರು! ಸಣ್ಣ ಹುಡುಗಿಗೆ ಸಣ್ಣ ಕೂಲಿ ಸಾಕು ಎನ್ನುವುದೇ ಈ ಶಾಸ್ತ್ರದ ತಿರುಳು. ಮನೆಯ ಹುಡುಗಿಗಂತೂ ಅದೂ ಬೇಡ.

ಊರಿನ ಹುಡುಗರು ವ್ಯಾನಿಗೆ, ಹುಡುಗಿಯರು ಹೊಲಕ್ಕೆ; ಸರ್ಕಾರಿ ಶಾಲೆಯ ಬೆಂಚುಗಳು ಖಾಲಿ. ‘ಮಕ್ಕಳು ಬರದಿದ್ರ ಗ್ರಾಂಟ್ ಬರಂಗಿಲ್ರಿ, ಮೇಷ್ಟ್ರೂ ಬರಂಗಿಲ್ಲ. ನಾ ಒಬ್ಬಾಕಿ ಎಲ್ಲಾ ಕ್ಲಾಸಿಗೂ ಹೆಂಗ ಕಲಿಸ್ಲಿ?’ ಎಂದು ಶಿವಗಂಗಾ ಟೀಚರ್ ಕೇಳಿದರೆ, ‘ನಿಮ್ಮ ಸಾಲ್ಯಾಗ ವಿದ್ಯಾನ ಇಲ್ಲ, ಯಾರ್ ಕಳಿಸ್ತಾರ್ರಿ?’ ಎನ್ನುತ್ತಿದ್ದರು ಬಾಲಯ್ಯನವರು. ಒಲೆಗೆ ನೀರು ಸುರಿದು, ಅನ್ನ ಬೇಯಲಿಲ್ಲ ಎಂದು ದೂರುವ ಪೈಕಿ.

ದಸರೆ ಮುಗಿದ ಮೇಲೆ, ಶಾಲೆ ಉಳಿಸಬೇಕೋ ಮುಚ್ಚಬೇಕೋ ನೋಡಲು ಗದ್ವಾಲದಿಂದ ಶಿಕ್ಷಣ ಇಲಾಖೆಯ ಸಾಹೇಬರು ಬರುತ್ತಾರೆಂದು ಸುದ್ದಿಯಾಯಿತು. ಶಾಲೆ ಹೋದರೆ ಛೇರ್ಮನ್‌ಗಿರಿಯೂ ಹೋಗುತ್ತದಲ್ಲ! ಬಾಲಯ್ಯನವರು ಆ ದಿನ ಹಳದಿ ವ್ಯಾನನ್ನೇ ತಡೆದು, ಹುಡುಗರ ಟೈ ಬಿಚ್ಚಿಸಿ, ವಿನಯನನ್ನೂ ಅವನ ಜೊತೆಯವರನ್ನೂ ತಂದು ಬೆಂಚುಗಳಲ್ಲಿ ತುಂಬಿದರು. ಹೊಳೆಯುವ ಬೂಟು ಬಿಚ್ಚಿಸಲು ಮರೆತರು.

ಸಾಹೇಬರ ಕಣ್ಣು ಬೂಟಿನ ಮೇಲೇ ಬಿತ್ತು. ‘ಹೆಣ್ಣುಮಕ್ಕಳು ಎಲ್ಲಿ?’ ಎಂದರು.

‘ಹೊಲದಾಗ ಅದಾರ್ರಿ. ಹೂವಿಗೆ ಮಡಿ ಕೈ ಬೇಕಲ್ರೀ,’ ಎಂದರು ಬಾಲಯ್ಯನವರು, ನಾಚಿಕೆ ಎಂಬುದೇ ಇಲ್ಲದೆ. ‘ನನ್ನ ಮೊಮ್ಮಗಳ ಕೈಗುಣ ನೋಡ್ರಿ, ಈ ಸಲ ನಮ್ಮಷ್ಟು ಕಾಯಿ ಊರಾಗ ಯಾರಿಗೂ ಕಟ್ಟಿಲ್ಲ!’

ಟೀಚರ್ ಬೆಳಿಗ್ಗೆಯೇ ಹೊಲಕ್ಕೆ ಹೋಗಿ ಬಾಲಯ್ಯನವರ ಸೊಸೆ, ಅಖಿಲಾಳ ತಾಯಿ ಮೈಲಮ್ಮನಿಗೆ ಸಾಹೇಬರು ಬರುವ ಸುದ್ದಿ ಮುಟ್ಟಿಸಿದ್ದರು. ಮಾವನೆದುರು ಎಂದೂ ದನಿ ಎತ್ತದ ಮೈಲಮ್ಮ ಈಗ ಮಗಳ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

‘ಮಾವಾ, ಇಕಿ ಶ್ರಾವಣದಾಗನ ದೊಡ್ಡಾಕಿ ಆಗ್ಯಾಳ. ಹೇಳಿದ್ರ ಮದುವಿ ಮಾಡಿ ಕಳಿಸ್ತೀರಿ ಅಂತ ಮುಚ್ಚಿಟ್ಟಿದ್ದೆ. ನೀವು ಹೊಗಳೋ ಕಾಯಿ ಎಲ್ಲಾ ಅದಾದ ಮ್ಯಾಲ ಕಟ್ಟಿದವು.’

ಬಾಲಯ್ಯನವರ ಬಾಯಿಂದ ಹಳೆಯ ಹೊಲಸೇ ಹೊರಬಂತು. ‘ಹಂಗಾದ್ರ ನಾಳೀಗೆ ಗಂಡು ನೋಡ್ತೀನಿ. ಇಕಿಗೆ ಇನ್ನೇನು ಸಾಲಿ?’

‘ಸಾಹೇಬ್ರ ಮುಂದನ ಅಂದೀರಿ, ಅವರೂ ಕೇಳ್ಯಾರ,’ ಎಂದಳು ಮೈಲಮ್ಮ. ‘ಇಕಿ ಹೊಲಕ್ಕೂ ಬರಂಗಿಲ್ಲ, ಹಸಿಮಣಿನೂ ಏರಂಗಿಲ್ಲ.’

ಅಖಿಲಾ ನೇರ ವಿನಯನ ಬೆಂಚಿಗೆ ಹೋದಳು. ಅವಳ ಬೆರಳ ತುದಿಯಲ್ಲಿ ಹೂವಿನ ಹಳದಿ ಇನ್ನೂ ಹೋಗಿರಲಿಲ್ಲ.

‘ಏಳೋ ತಮ್ಮ. ಇದು ನನ್ನ ಜಾಗ.’

ವಿನಯ ಎದ್ದ. ಶಿವಗಂಗಾ ಟೀಚರ್ ಬೂಟಿನ ಹುಡುಗರನ್ನೆಲ್ಲ ವ್ಯಾನಿಗೆ ಕಳಿಸಿ, ಅಖಿಲಾ ಒಬ್ಬಳೇ ಉಳಿದ ಖಾಲಿ ಬೆಂಚುಗಳ ನಡುವೆ ಬಂದು ನಿಂತರು.

‘ಈಗ ಎಣಿಸ್ರಿ ಸಾಹೇಬ್ರೇ,’ ಎಂದರು. ‘ಒಂದರಿಂದ ಶುರು ಮಾಡ್ರಿ.’