ಮುಟ್ಟುವ ಮುನ್ನ

“ಹಚ್ಚಬ್ಯಾಡ ಬೇ ಅವ್ವಾ!” ಎಂದು ಭೀಮಸಿ ತಾಯಿ ಸತ್ತೆವ್ವನ ಮಣಿಕಟ್ಟನ್ನು ಹಿಡಿದುಬಿಟ್ಟ. ಅವಳ ಮುಷ್ಟಿಯಲ್ಲಿದ್ದ ಭಂಡಾರ, ಕುಲದೈವದ ಆ ಅರಿಶಿನಪುಡಿ, ಬೆರಳ ಸಂದಿಯಿಂದ ಸೋರಿ ಶವದ ಬಿಳಿಯ ಹೊದಿಕೆಯ ಮೇಲೆ ಬಿತ್ತು.

ಪಾಲಬಾವಿಯ ಆ ಅಂಗಳದಲ್ಲಿ ಮಲಗಿದ್ದವನು ಅವಳ ಹಿರಿಯ ಮಗ ಹಾಲಸಿದ್ದ. ಇಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯುತ್ ವಿಭಾಗದ ಪ್ರಾಧ್ಯಾಪಕ, ಅವಿವಾಹಿತ. ರಜೆಗೆಂದು ಊರಿಗೆ ಬಂದವನು ಬೆಳಗಿನ ಚಹಾ ಕುಡಿಯುತ್ತ ಕುಡಿಯುತ್ತಲೇ ಗೋಡೆಗೆ ಒರಗಿದ್ದ, ಹೃದಯ ನಿಂತಿತ್ತು. ಹೊಲದಲ್ಲಿ ಹೂಳುವ ಕುಣಿ ಸಿದ್ಧವಾಗಿತ್ತು.

“ಭಂಡಾರ ಇಲ್ದ ಕಳಸ್ತೀ ಏನೋ ನಿಮ್ಮಣ್ಣನ್ನ?”

“ಅಂವಾ ಕಾಲೇಜಿಗಿ ಹೋದಾಗಿಂದ ಒಮ್ಮೆರೆ ಹಚ್ಚಿಸಿಕೊಂಡಾನೇನ? ‘ನನಗ ನಂಬಿಕಿ ಇಲ್ಲ ತಮ್ಮಾ, ಸುಳ್ಳ ಹಚ್ಚಕೋಬಾರ್ದು’ ಅಂತಿದ್ದ. ಬಾಯಿ ಇದ್ದಾಗ ಒಲ್ಲೆ ಅಂದದ್ದನ್ನ ಬಾಯಿ ಮುಚ್ಚಿದ ಮ್ಯಾಲ ಮಾಡೂದು ಮೋಸ ಅಲ್ಲೇನ?”

“ನಂಬಿಕಿ ಇಲ್ದಾಂವ ಬಂದಾಗೊಮ್ಮೆ ಭೂಮಿ ಮುಟ್ಟಿ, ಕಣ್ಣ ಮುಚ್ಚಿ, ಆಮ್ಯಾಲ ನನ್ನ ಮುಟ್ಟತಿದ್ನೇನ?”

ಅದನ್ನು ಎಲ್ಲರೂ ಕಂಡಿದ್ದರು. ಅಂಗಳಕ್ಕೆ ಕಾಲಿಟ್ಟೊಡನೆ ಬಾಗಿ, ನೆಲಕ್ಕೆ ಅಂಗೈ ಊರಿ, ಕ್ಷಣಕಾಲ ಕಣ್ಣು ಮುಚ್ಚಿ, ಅನಂತರವೇ ಅವನು ತಾಯಿಯ ಪಾದಕ್ಕೆ ಕೈ ಚಾಚುತ್ತಿದ್ದ.

“ಮಿಂಚ ಹಿಡ್ಯಾಂವ ಆದ್ರೂ ಭೂತಾಯಿನ್ನ ಮರತಿಲ್ಲ,” ಎಂದ ಊರ ಹಿರಿಯ ಮಲಕಾರಿ. “ನಿನಗಿಂತ ಚಲೋ ಭಕ್ತ ಬಿಡೋ ಭೀಮಸಿ. ನೀ ಗುಡಿಗಿ ಹೋಗೂದು ಪ್ರಸಾದಕ್ಕ!”

ಅಳುವಿನ ನಡುವೆ ಯಾರೋ ಕಿಸಕ್ಕೆಂದು ನಕ್ಕು ಸುಮ್ಮನಾದರು. ಭೀಮಸಿ, ಅಣ್ಣನೊಡನೆ ಬಂದಿದ್ದ ಶಿಷ್ಯ ಜ್ಞಾನದೇವನ ಕಡೆ ತಿರುಗಿದ.

“ನೀವ ಹೇಳ್ರಿ. ನಿಮ್ಮ ಕಾಲೇಜಿನ್ಯಾಗೂ ನೆಲಾ ಮುಟ್ಟತಿದ್ನೇನ್ರಿ?”

“ಮುಟ್ಟತಿದ್ರು,” ಎಂದ ಜ್ಞಾನದೇವ, ತಲೆ ತಗ್ಗಿಸಿ.

*

ಕಬ್ಬಿನ ಹಾಲನ್ನು ಕುದಿಸದೆಯೇ, ರುಚಿ ಕೆಡಿಸದೆಯೇ, ಅದರೊಳಗಿನ ಕ್ರಿಮಿಗಳನ್ನು ಕೊಲ್ಲುವುದು ಪ್ರಾಧ್ಯಾಪಕನ ಬಹುಕಾಲದ ಸಾಧನೆ. ಕೆಪಾಸಿಟರುಗಳಲ್ಲಿ ಮೆಲ್ಲಮೆಲ್ಲನೆ ಸಂಗ್ರಹಿಸಿದ ವಿದ್ಯುತ್ತು ರೆಪ್ಪೆ ಮಿಟುಕುವುದಕ್ಕಿಂತ ಶೀಘ್ರವಾಗಿ, ಒಂದೇ ಏಟಿಗೆ ಆ ಹಾಲಿನೊಳಗೆ ಹರಿಯಬೇಕಿತ್ತು. ಹರಿಯುವ ಕ್ಷಣದಲ್ಲಿ ಯಂತ್ರದ ಎರಡು ಹಿತ್ತಾಳೆ ಗುಂಡುಗಳ ನಡುವಣ ಗಾಳಿಯೇ ನೇರಳೆ ಬೆಂಕಿಯಾಗಿ ಸಿಡಿಯುತ್ತಿತ್ತು. ಅದನ್ನವನು ಪ್ಲಾಸ್ಮಾ ಎನ್ನುತ್ತಿದ್ದ.

ಒಂದು ದಿನ ಯಂತ್ರ ನಿಂತ ಮೇಲೆ ಜ್ಞಾನದೇವ ಅದರತ್ತ ಕೈ ಚಾಚಿದಾಗ ಗುರು ಆ ಕೈಯನ್ನು ಬಡಿದು ಸರಿಸಿದ.

“ಸ್ವಿಚ್ ಬಂದ್ ಆಗೈತಲ್ರಿ ಸರ್?”

“ಹೊರಗ ಬಂದ್ ಆಗೈತಿ. ಒಳಗ ಇನ್ನೂ ಐತಿ. ಮೊದಲ ಭೂಮಿಗಿ ಕೊಟ್ಟಬಿಡು, ಆಮ್ಯಾಲ ಮುಟ್ಟು.”

ನೆಲಕ್ಕೆ ತಂತಿ ಬಿಗಿದ ಕೋಲನ್ನು ಅವನು ಯಂತ್ರಕ್ಕೆ ತಾಗಿಸಿದೊಡನೆ ಚಟ್ಟೆಂದು ಕಿಡಿ ಹಾರಿತು. ಬಳಿಕ, ಅಗತ್ಯವೇ ಇಲ್ಲದಿದ್ದರೂ, ಬಾಗಿ ನೆಲಕ್ಕೆ ಅಂಗೈ ಊರಿದ.

“ಅದ್ಯಾಕ್ರಿ ಸರ್?”

“ರೂಢಿ,” ಎಂದಷ್ಟೇ ಅಂದಿದ್ದ.

*

ಜ್ಞಾನದೇವ ಹೇಳಿ ಮುಗಿಸಿದಾಗ ಸತ್ತೆವ್ವನ ಮುಖದ ಕಳೆ ಇಳಿದಿತ್ತು.

“ಕೇಳಿದೇನ ಬೇ? ಕರೆಂಟಿನ ರೂಢಿ ಅದು,” ಎಂದ ಭೀಮಸಿ. ಆದರೆ ಗೆದ್ದವನ ದನಿ ಅದಾಗಿರಲಿಲ್ಲ.

“ಹಂಗೂ ಅಲ್ರಿ,” ಜ್ಞಾನದೇವ ತಡವರಿಸಿದ. “ಕೆಲಸ ಎಲ್ಲಾ ಕೋಲಿನಿಂದನ ಮುಗದಿರತಿತ್ತು, ಅಂಗೈಯಿಂದ ಕರೆಂಟ ಏನೂ ಇಳಿಯೂದಿಲ್ಲ. ಮತ್ತ ಇಲ್ಲೆ ಅಂಗಳದಾಗ ಮಷೀನ್ ಎಲ್ಲೈತ್ರಿ? ಕಣ್ಣ ಯಾಕ ಮುಚ್ಚತಿದ್ರು?”

“ಅಂದ್ರ ಭಕ್ತಿನ ಅನ್ರಿ,” ಎಂದ ಮಲಕಾರಿ.

“ಅದನ್ನೂ ನಾ ಹೇಳಲಾರೆರಿ.”

“ಕಲತವರದು ಇದ ತ್ರಾಸು ನೋಡು! ಹೌದು ಅನ್ನೂದಿಲ್ಲ, ಅಲ್ಲ ಅನ್ನೂದಿಲ್ಲ.”

ಭೀಮಸಿ ಅಣ್ಣನ ಮುಖವನ್ನೇ ನೋಡುತ್ತ ನಿಂತ. ಪೃಥ್ವಿಗೆ ಸಂದ ಸ್ಪರ್ಶವು ಪೂಜೆಯೋ ಎಚ್ಚರವೋ, ಬಲ್ಲವನು ಮೌನಿಯಾಗಿ ಮಲಗಿದ್ದ. ಭೀಮಸಿ ತಾಯಿಯ ಮಣಿಕಟ್ಟನ್ನು ಬಿಟ್ಟ.

“ನಿನಗ ತಿಳಿದಂಗ ಮಾಡು ಬೇ. ನನಗ ಏನೂ ತಿಳಿವಲ್ದು.”

ಸತ್ತೆವ್ವ ಬಾಗಿದಳು. ಹಣೆಯ ಬಲತುದಿಯಿಂದ ಎಡಕ್ಕೆ ಭಂಡಾರ ಹತ್ತಿದ ಹೆಬ್ಬೆರಳನ್ನು ಎಳೆಯತೊಡಗಿದಳು. ಹುಬ್ಬುಗಳ ನಡುವೆ ಬಂದಾಗ ಬೆರಳು ನಿಂತಿತು. ಮಗನ ಮುಚ್ಚಿದ ಕಣ್ಣುಗಳನ್ನು ಬಹಳ ಹೊತ್ತು ದಿಟ್ಟಿಸಿದಳು; ಆಮೇಲೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಮುಂದಕ್ಕೆ ಹಚ್ಚೆಂದು ಯಾರೂ ಅನ್ನಲಿಲ್ಲ, ಒರೆಸೆಂದೂ ಅನ್ನಲಿಲ್ಲ. ಹಣೆಯ ಅರ್ಧ ಹಳದಿಯಾಗಿ, ಅರ್ಧ ಬರಿದಾಗಿ, ನಾಲ್ವರ ಹೆಗಲ ಮೇಲೆ ಹಾಲಸಿದ್ದ ಕಬ್ಬಿನ ಹೊಲದ ಬದುವಿನಲ್ಲಿ ಸಾಗಿದ.