ಅಪ್ಪೆ ದೋಣಿ

ನಾವು ಮಾಡುತ್ತಿರುವ ಕಂಪ್ಯೂಟರ್ ಗೇಮಿನ ಕಡಲಿನಲ್ಲಿರುವ ದೋಣಿಗಳಿಗೆಲ್ಲ ತಾಯಿ ಒಂದೇ. ಗೇಮ್ ಮಾಡುವವರು ಅದನ್ನು ಪ್ರಿಫ್ಯಾಬ್ ಎನ್ನುತ್ತಾರೆ. ಒಂದು ಅಚ್ಚು ಮಾಡಿಟ್ಟರೆ ಸಾಕು, ಬೇಕಾದಷ್ಟು ಪ್ರತಿ ತೆಗೆದು ನೀರಿಗೆ ಬಿಡಬಹುದು. ಅಚ್ಚಿಗೆ ಬಣ್ಣ ಬಳಿದರೆ ಪ್ರತಿಗಳೆಲ್ಲ ತಾವೇ ಬಣ್ಣ ಬದಲಿಸುತ್ತವೆ. ಕಾವ್ಯಕ್ಕ ಅದಕ್ಕೆ ತುಳುವಿನಲ್ಲಿ ‘ಅಪ್ಪೆ’ ಎಂದು ಹೆಸರಿಟ್ಟಳು. ಅಪ್ಪೆ ಎಂದರೆ ಅಮ್ಮ. “ನಮ್ಮಲ್ಲಿ ಮಕ್ಕಳಿಗೆ ಬಳಿ, ಅಂದ್ರೆ ಕುಲದ ಹೆಸರು, ಬರುವುದು ತಾಯಿ ಕಡೆಯಿಂದ ಅಲ್ವಾ? ದೋಣಿಗಳಿಗೂ ಹಾಗೇ,” ಎಂದು ನಕ್ಕಿದ್ದಳು. ದೀಪಸ್ತಂಭದ ಕೆಳಗೆ ನಿಲ್ಲಿಸಿದ್ದ ಒಂದು ಪ್ರತಿಯನ್ನು ಮಾತ್ರ ನಾವಿಬ್ಬರೂ ‘ನಮ್ಮನೆ ದೋಣಿ’ ಎನ್ನುತ್ತಿದ್ದೆವು.

ಮದುವೆಯಾಗಿ ಮಸ್ಕತ್ತಿಗೆ ಹೋದ ಮೇಲೂ ಅಕ್ಕ ಗೇಮಿನ ಕೆಲಸ ಬಿಡಲಿಲ್ಲ. ಅಲ್ಲಿ ಅವಳು ಅಪ್ಪೆಗೆ ಬಾವುಟ ಕಟ್ಟಿದರೆ, ಇಲ್ಲಿ ಕಾಪುವಿನ ನಮ್ಮ ಜಗಲಿಯಲ್ಲಿ, ನನ್ನ ಲ್ಯಾಪ್‌ಟಾಪಿನ ದೋಣಿಗಳೆಲ್ಲ ಬಾವುಟ ಹಾರಿಸುತ್ತಿದ್ದವು. ಫೋನಿನಲ್ಲಿ ಅವಳ ಮಾತು ‘ಊಟ ಆಯ್ತಾ’ ಎಂಬಲ್ಲಿಗೆ ಮುಗಿಯುತ್ತಿತ್ತು. ದೋಣಿಗಳಲ್ಲಿ ಮಾತ್ರ ಅವಳ ಕೈ ಕಾಣುತ್ತಿತ್ತು.

ಆಮೇಲೆ ಅದೂ ನಿಂತಿತು. ಮಳೆಗಾಲ ಮುಗಿದ ಮೇಲೆ ಒಂದು ಗೆರೆಯೂ ಬರಲಿಲ್ಲ. ದಿನಾ ಹಲ್ಲುಜ್ಜುವ ಮೊದಲೇ ತೆರೆದು ನೋಡುತ್ತಿದ್ದೆ. ಅದೇ ಬಾವುಟ.

ಈ ದಿನ ಜೊತೆಗಾರ ರೂಪೇಶ್ ಶಿರ್ವದಿಂದ ಬೈಕಿನಲ್ಲಿ ಬಂದವನು ಕುಳಿತುಕೊಳ್ಳುವ ಮೊದಲೇ ಶುರುಮಾಡಿದ. “ಶನಿವಾರ ಮಣಿಪಾಲದಲ್ಲಿ ಕಾಲೇಜಿನವರಿಗೆ ಗೇಮ್ ತೋರಿಸ್ಲಿಕ್ಕೆ ಉಂಟು. ಅಪ್ಪೆಯ ಸಂಬಂಧ ಕಡಿದುಬಿಡು ಮಾರಾಯ, ದೋಣಿಗಳು ಇದ್ದ ಹಾಗೇ ಇರ್ಲಿ. ಕಳೆದ ಸಲ ನಿನ್ನ ಅಕ್ಕ ಅಪ್ಪೆಯ ತೂಕ ಬದಲಿಸಿ ಎಂತ ಆಯ್ತು? ಸರ್ ಎದುರೇ ಇಡೀ ಬಂದರು ಕಲ್ಲಿನ ಹಾಗೆ ಮುಳುಗಿತು!”

“ಈಗ ಅವಳು ಮುಟ್ಟುವುದೇ ಇಲ್ಲ.”

“ಹಾಗಾದ್ರೆ ಕಡಿಲಿಕ್ಕೆ ಎಂತ ಕಷ್ಟ ನಿಂಗೆ?”

ಕಡಿದ ಮೇಲೆ ಅಕ್ಕ ಅಲ್ಲಿ ಏನೇ ಮಾಡಿದರೂ ಇಲ್ಲಿ ಒಂದು ದೋಣಿಯೂ ಅಲುಗುವುದಿಲ್ಲ.

ಅಂಗಳದಲ್ಲಿ ಮೀನಿನ ಬುಟ್ಟಿ ತೊಳೆಯುತ್ತಿದ್ದ ಅಮ್ಮ ತಲೆಯೆತ್ತಿದರು. “ಎಂತ ಕಡಿಯುವುದು ಮಕ್ಕಳೇ? ಬಂಗುಡೆ ಆದ್ರೆ ಕೊಡಿ, ನಾನು ಕಡಿದು ಕೊಡ್ತೇನೆ.”

ಕೊನೆಯ ಸಲ ಎಂದುಕೊಂಡು ಹೊಸ ಬದಲಾವಣೆ ಇಳಿಸುವ ಬಟನ್ ಒತ್ತಿದೆ. ಕಡಲು ಒಮ್ಮೆ ಮಿಣುಕಿತು. ಪ್ರತಿ ದೋಣಿಯ ಹಿಂದೆಯೂ ಹಗ್ಗ, ಹಗ್ಗದ ತುದಿಯಲ್ಲಿ ಒಂದು ಪುಟ್ಟ ದೋಣಿ!

“ಹೇಳಿದೆ ಅಲ್ವಾ?” ರೂಪೇಶ್ ತಲೆ ಮೇಲೆ ಕೈ ಹೊತ್ತ. “ಬಂದರಿನ ತುಂಬ ಮರಿ ಹಾಕಿಸಿದ್ದಾಳೆ!”

ಮರಿ. ನಾನು ಆಗಲೇ ಅಕ್ಕನಿಗೆ ಫೋನ್ ಮಾಡಿಯಾಗಿತ್ತು.

“ಕಂಡಿತಾ ಯಶು?” ಎಂದಳು. “ನಮ್ಮನೆ ದೋಣಿಗೆ ಮಾತ್ರ ಕಟ್ಟಿದ್ದು. ನೀನೇ ಹುಡುಕ್ಬೇಕು ಅಂತ.”

“ಎಂತ ಮಾತ್ರ? ಎಲ್ಲದಕ್ಕೂ ಉಂಟು.”

“ಅಯ್ಯೋ ದೇವರೇ, ಅಪ್ಪೆಗೇ ಕಟ್ಟಿದ್ನಾ? ಇಡೀ ಬಂದರನ್ನೇ ಬಸುರಿ ಮಾಡಿಬಿಟ್ಟೆ ಮಾರಾಯ!” ನಗುತ್ತಾ ನಗುತ್ತಾ ಅವಳ ಸ್ವರ ಒದ್ದೆಯಾಯಿತು. “ಮೊದಲು ನಿಂಗೇ ಗೊತ್ತಾಗ್ಬೇಕಂತ ಇತ್ತು.”

“ಬಾಣಂತನಕ್ಕೆ ಬರ್ತಿ ಅಲ್ವಾ?”

“ಡಾಕ್ಟರು ವಿಮಾನ ಬೇಡ ಅಂದಿದ್ದಾರೆ. ಮಲಗಿಯೇ ಇರ್ಬೇಕಂತೆ. ಅದಕ್ಕೇ ಇಷ್ಟು ದಿನ ಎಂತದೂ ಮಾಡ್ಲಿಲ್ಲ.” ಆಮೇಲೆ ಕೇಳಿದಳು, “ಅಲ್ಲಿ ಕಡಲು ಕೇಳ್ತದಾ?”

ಜಗಲಿಯಿಂದಿಳಿದು ಫೋನನ್ನು ಕಡಲಿನ ಕಡೆಗೆ ಚಾಚಿ ಹಿಡಿದೆ. ಕೈ ನೋಯುವವರೆಗೆ ಹಿಡಿದೆ. ಆಮೇಲೆ ಅಮ್ಮ ಒದ್ದೆ ಕೈಯಲ್ಲೇ ಫೋನ್ ಕಸಿದುಕೊಂಡರು.

“ಕಡಿಯುವುದಾ?” ರೂಪೇಶ್ ಮೆಲ್ಲಗೆ ಕೇಳಿದ.

“ಬೇಡ.”

“ಶನಿವಾರ ಮುಳುಗಿದ್ರೆ ನಾನು ಜನ ಅಲ್ಲ, ಸರ್ ಹತ್ರ ನೀನೇ ಹೇಳ್ಬೇಕು, ಆಯ್ತಾ?” ಎನ್ನುತ್ತಾ ಕುರ್ಚಿ ಹತ್ತಿರ ಎಳೆದುಕೊಂಡ.

ಅಪ್ಪೆಯಿಂದ ಹಗ್ಗ ಬಿಚ್ಚಿದೆವು. ಬಂದರಿನ ಮರಿಗಳೆಲ್ಲ ಮಾಯವಾದವು. ದೀಪಸ್ತಂಭದ ಕೆಳಗಿರುವ ನಮ್ಮನೆ ದೋಣಿಗೆ ಮಾತ್ರ ಒಂದನ್ನು ಮತ್ತೆ ಕಟ್ಟಿದೆವು. ಅದಕ್ಕಿನ್ನೂ ಬಣ್ಣವಿಲ್ಲ. ಯಾವ ಬಣ್ಣ ಎಂದು ರೂಪೇಶ್ ಕೇಳಿದ. ಅದನ್ನು ಅಕ್ಕನಿಗೇ ಬಿಟ್ಟಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ ನೋಡಬೇಕು.