ಎರಡು ಗೆರೆ

"ಇದನ್ನ ಯಾರು ಮಡಿಸಿದ್ದು?"

ಅಕ್ಕ ಹಾಳೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಎದುರಿಗೆ ಕೂತು ಮಡಿಸುತ್ತಿದ್ದ ತಂಗಿ ತಲೆಯೆತ್ತಿದಳು.

ಬೈಂಡಿಂಗ್ ಅಂಗಡಿಯ ಆ ಉದ್ದನೆಯ ಮೇಜಿಗೆ ಅಕ್ಕ ಬಂದು ಮೂವತ್ತೊಂದು ವರ್ಷ. ಅಚ್ಚಾದ ದೊಡ್ಡ ಹಾಳೆಯನ್ನು ಮೂರು ಸಲ ಮಡಿಸಿದರೆ ಹದಿನಾರು ಪುಟ. ಒಂದನೇ ಪುಟ ಮೇಲೆ ಬರಬೇಕು, ಅಂಕಿಯ ಮೇಲೆ ಅಂಕಿ ಕೂರಬೇಕು. ತಂಗಿಗೆ ಇದನ್ನು ಕಲಿಸಿದವಳೂ ಅವಳೇ. ಆರು ತಿಂಗಳಿಂದ ಅಂಥ ಅಕ್ಕನ ಕೈಯಲ್ಲೇ ಒಂದನೇ ಪುಟ ಒಳಗೆ ಸೇರಿಕೊಳ್ಳುತ್ತಿತ್ತು.

ಅಕ್ಕನ ಮರೆವನ್ನು ತೋರಿಸಲು ಹೋದಾಗ ಡಾಕ್ಟರು ಚಿತ್ರ ಬರೆದು ಹೇಳಿದ್ದರು. "ಮೆದುಳಿನ ಜೀವಕೋಶದಲ್ಲಿ ಪ್ರೋಟೀನು ಅಂತ ಉದ್ದನೆಯ ಎಳೆ ಇರುತ್ತೆ. ಸರಿಯಾಗಿ ಮಡಿಸಿಕೊಂಡ್ರೇನೇ ಅದು ಕೆಲಸಕ್ಕೆ ಬರೋದು. ತಪ್ಪು ಮಡಿಸಿಕೊಂಡಿದ್ದು ಪಕ್ಕದ್ದನ್ನೂ ತನ್ನ ಹಾಗೇ ಮಾಡುತ್ತೆ. ಎಲ್ಲ ಅಂಟಿಕೊಂಡು ಗುಡ್ಡೆ ಬೀಳುತ್ತೆ, ಜೀವಕೋಶ ಸಾಯುತ್ತೆ."

"ತಪ್ಪು ಮಡಿಸೋರನ್ನ ಮೊದಲು ಕೆಲಸದಿಂದ ತೆಗೀಬೇಕು ಡಾಕ್ಟ್ರೇ," ಎಂದು ಅಕ್ಕ ನಕ್ಕಿದ್ದಳು.

"ತೆಗೆಯೋಕೂ ಒಳಗೆ ಆಳುಗಳಿದಾರೆ ಅಂತಿಟ್ಕೊಳ್ಳಿ. ಅವರಿಗೂ ಸುಸ್ತಾಗುತ್ತೆ."

ಮಾಲೀಕರು ಒಳ್ಳೆಯವರೇ. ದೂರು ಬರುವವರೆಗೆ ಕೂತಿರಲಿ, ಒಂದು ಪುಸ್ತಕ ವಾಪಸ್ ಬಂದರೂ ಮನೆಯಲ್ಲಿರಲಿ ಎಂದಿದ್ದರು. ಮೇಜು ಬಿಟ್ಟರೆ ಅಕ್ಕ ಒಂದು ವರ್ಷವೂ ಉಳಿಯುವುದಿಲ್ಲವೆಂದು ತಂಗಿಗೆ ಖಂಡಿತ ಗೊತ್ತಿತ್ತು. ಅಕ್ಕ ಊಟಕ್ಕೆ ಎದ್ದಾಗಲೆಲ್ಲ ತಂಗಿ ಅವಳ ಕಟ್ಟನ್ನು ಬಿಚ್ಚಿ, ಕೆಟ್ಟದ್ದನ್ನೆಲ್ಲ ಹೊಸದಾಗಿ ಮಡಿಸಿ ಇಡುತ್ತಿದ್ದಳು. ಆದರೆ ಎಷ್ಟು ಉಜ್ಜಿದರೂ ಕಾಗದದಲ್ಲಿ ಮೊದಲಿನ ಗೆರೆ ಉಳಿಯುತ್ತಿತ್ತು.

ಈಗ ಅಕ್ಕನ ಬೆರಳು ಆ ಗೆರೆಯ ಮೇಲೇ ಓಡಾಡುತ್ತಿತ್ತು. ಮನೆಯ ದಾರಿಯನ್ನೇ ಮರೆಯುತ್ತಿದ್ದವಳ ಬೆರಳಿಗೆ ಇದು ಮಾತ್ರ ತಪ್ಪಲಿಲ್ಲ.

"ಎರಡು ಗೆರೆ ಇದೆ ನೋಡು. ಯಾರೋ ತಪ್ಪು ಮಡಿಸಿ ತಿದ್ದಿದಾರೆ. ನನ್ನ ಕಟ್ಟಲ್ಲಿ ಯಾಕಿದೆ ಇದು?"

ತಂಗಿ ಹಾಳೆಗೆ ಕೈ ಚಾಚಿದಳು. "ನಂದೇ ಅಕ್ಕ. ಬೆರೆತುಹೋಗಿದೆ."

"ನಿಂದಾ?"

"ಹೂಂ. ಈಚೆಗೆ ಯಾಕೋ ತಪ್ಪುತ್ತೆ."

ಬೈಗುಳ ಬೀಳುತ್ತದೆಂದುಕೊಂಡಿದ್ದಳು. ಅಕ್ಕನ ಮುಖ ಮಾತ್ರ ಬಿಳಿಚಿಕೊಂಡಿತು.

"ನಿಂಗೂ ಶುರುವಾಯ್ತೇನೆ?"

ಇಲ್ಲವೆಂದರೆ ತಪ್ಪು ಅಕ್ಕನದೇ ಎಂದು ತಂಗಿ ಹೇಳಬೇಕಾಗುತ್ತಿತ್ತು. ಅಷ್ಟರಲ್ಲಿ ಅಕ್ಕ ಕುರ್ಚಿಯನ್ನು ಎಳೆದುಕೊಂಡು ಪಕ್ಕಕ್ಕೇ ಬಂದಳು. ಹಾಳೆಯೊಂದನ್ನು ಹರವಿ, ತಂಗಿಯ ಎರಡೂ ಕೈ ಹಿಡಿದು ಅದರ ಮೇಲಿಟ್ಟಳು.

"ಹೆದರ್ಕೋಬೇಡ, ನಾನಿದೀನಲ್ಲ. ಮಾಲೀಕರಿಗೆ ಹೇಳೋದು ಬೇಡ. ನೋಡು, ಒಂದನೇ ಪುಟ ಹೀಗೆ ಒಳಗೆ ಹೋಗ್ಬೇಕು. ಮತ್ತೆ ಒಂದು ಮಡಿಕೆ. ಎಲ್ಲಿ, ನೀನೊಂದು ಮಾಡು."

ತಂಗಿ ಇನ್ನೊಂದು ಹಾಳೆ ತೆಗೆದುಕೊಂಡು, ಒಂದನೇ ಪುಟವನ್ನು ಒಳಗೆ ಹಾಕಿ, ಮೆಲ್ಲನೆ ಮಡಿಸಿದಳು.

"ಹಾಂ, ಈಗ ಸರಿಯಾಯ್ತು," ಎಂದಳು ಅಕ್ಕ. "ಇನ್ನೊಂದು."